ಬಾಣಂತನಕ್ಕೆ ಹೋದವಳು ಶಾಲೆಯ ಜಗಲಿಯಲ್ಲಿ ಕೂತದ್ದು

ಮದ್ದೂರು ಸ್ಟೇಷನ್ನು

ಬಸುರಿ ಹೆಂಗಸು ತವರಿಗೆ ಬರುವುದು ಲೋಕದ ರೂಢಿ. ನಮ್ಮ ಜಯಮ್ಮನ ವಿಷಯದಲ್ಲಿ ತವರೇ ಗಂಟು ಕಟ್ಟಿಕೊಂಡು ಬಸುರಿಯ ಹತ್ತಿರ ಹೋಗಬೇಕಾಯಿತು. ಅವಳು ನನ್ನ ಮಗಳ ಮಗಳು. ಮಗಳು ತೀರಿಕೊಂಡು ಬಹಳ ಕಾಲವಾಗಿತ್ತು, ಆದ್ದರಿಂದ ತವರು ಅಂದರೆ ನಾನೇ. ಅವಳ ಗಂಡ ಸಿದ್ದೇಗೌಡ ಮಂಡ್ಯದಲ್ಲಿ ಕಬ್ಬಿನ ಪಾಕ ಕುದಿಸುವ ಕೆಲಸ ಕಲಿತು, ಅಲ್ಲಿಂದ ಆಫ್ರಿಕಾದ ಕೀನ್ಯಾ ಎಂಬ ಸೀಮೆಯ ಒಂದು ಸಕ್ಕರೆ ಗಿರಣಿ ಸೇರಿಕೊಂಡಿದ್ದ. ಜಯಮ್ಮನಿಗೆ ಮೊದಲ ಸಲ ಬಸುರು ನಿಲ್ಲಲಿಲ್ಲ. ಈ ಸಲ ಹಡಗು ಹತ್ತಿಸಬೇಡಿ ಎಂದು ಅಲ್ಲಿನ ಡಾಕ್ಟರು ಹೇಳಿದರಂತೆ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷದ ಮಾತಿದು.

ನಮ್ಮೂರು ಮಳವಳ್ಳಿಗೆ ಹತ್ತಿರ. ಹೊರಡುವ ದಿನ ನನ್ನ ಓರಗಿತ್ತಿ ಕಾಳಮ್ಮ ಮದ್ದೂರು ಸ್ಟೇಷನ್ನಿನವರೆಗೂ ಗಾಡಿಯಲ್ಲಿ ಜೊತೆಗೆ ಬಂದಳು. ದಾರಿಯುದ್ದಕ್ಕೂ ಬೈದಳು.

"ಈ ವಯಸ್ನಲ್ಲಿ ಸಮುದ್ರ ದಾಟ್ತೀನಿ ಅಂತೀಯಲ್ಲ, ಬುದ್ಧಿ ಕೆಟ್ಟದಾ ನಿಂಗಕ್ಕ? ಅಡಗ್ನಲ್ಲಿ ಸತ್ರೆ ಮೀನ್ಗೆ ಆಕ್ಬುಡ್ತಾರಂತೆ."

"ಆಕ್ಲಿ ಬುಡು. ಇಷ್ಟು ದಿನ ನಾವ್ ಮೀನ್ ತಿಂದಿಲ್ವಾ?" ಎಂದೆ.

ಅವಳು ಅತ್ತಳು. ನನಗೆ ಅಳು ಬರಲಿಲ್ಲ, ಮೊಣಕಾಲು ನೋಯುತ್ತಿತ್ತು. ಒಂದು ಮೂಟೆ ಹುರಿಹಿಟ್ಟು, ಬಾಣಂತಿಗೆ ಬೇಕಾದ ಖಾರದ ಸಾಮಾನು, ಹರಳೆಣ್ಣೆ, ಮುತ್ತತ್ತಿಯಿಂದ ತರಿಸಿದ ಹೊಳೆ ನೀರಿನ ಒಂದು ಕೊಡ, ಇಷ್ಟು ನನ್ನ ಸಾಮಾನು. ದಾರಿಯಲ್ಲಿ ಯಾರ ಕೈಯ ನೀರೂ ಮುಟ್ಟುವುದಿಲ್ಲ ಎಂದು ಮುತ್ತತ್ತಿರಾಯನ ಮೇಲೆ ಆಣೆ ಇಟ್ಟುಕೊಂಡಿದ್ದೆ. ಸಮುದ್ರ ನೋಡದವರ ಆಣೆ ಅದು.

ಹಡಗು

ತಂಗಿಯ ಮಗನೊಬ್ಬ ಬೊಂಬಾಯಿಯವರೆಗೆ ಬಂದು, ಅದೇ ಕಡೆ ಹೋಗುತ್ತಿದ್ದ ಒಂದು ಗುಜರಾತಿ ಸಂಸಾರಕ್ಕೆ ನನ್ನನ್ನು ಒಪ್ಪಿಸಿ ಹಿಂದಿರುಗಿದ. ಅವರ ಮಾತು ನನಗೆ ಬಾರದು, ನನ್ನದು ಅವರಿಗೆ ಬಾರದು. ಜಗಳಕ್ಕೆ ಅವಕಾಶವೇ ಇರಲಿಲ್ಲ.

ಹಡಗಿನ ಮೇಲಂತಸ್ತಿನಲ್ಲಿ ಬಿಳಿಯರು. ಕೆಳಗೆ, ಕಣದಷ್ಟು ಅಗಲದ ಹಲಗೆ ನೆಲದ ಮೇಲೆ ನಾವು. ಗುಜರಾತಿಗಳು ಒಂದು ಕಡೆ, ಪಂಜಾಬಿನವರು ಒಂದು ಕಡೆ, ಸಾಬರು ಇನ್ನೊಂದು ಕಡೆ. ಎಲ್ಲರೂ ತಮ್ಮ ಟ್ರಂಕು ಪೆಟ್ಟಿಗೆಗಳನ್ನು ಗೋಡೆಯ ಹಾಗೆ ಜೋಡಿಸಿಕೊಂಡು ಊರು ಕಟ್ಟಿಕೊಂಡರು. ನಾನು ಒಬ್ಬಳೇ ಆದ್ದರಿಂದ ಹಿಟ್ಟಿನ ಮೂಟೆಯೇ ಗೋಡೆ, ಕೊಡವೇ ಬಾಗಿಲು.

ಸಮುದ್ರ ಎದ್ದ ದಿನ ಪೆಟ್ಟಿಗೆಗಳೆಲ್ಲ ಜಾರಿ ಒಂದೇ ರಾಶಿಯಾದವು. ನನ್ನ ಕೊಡ ಉರುಳಿ, ಹೊಳೆ ನೀರು ಯಾರದೋ ಹಾಸಿಗೆ ಸೇರಿತು. ಎಲ್ಲರೂ ವಾಂತಿ ಮಾಡಿಕೊಂಡರು. ಯಾವ ಜಾತಿಯ ವಾಂತಿಯೂ ಗಂಧ ನಾರಲಿಲ್ಲ. ಬುರ್ಖಾದ ಹೆಂಗಸೊಬ್ಬಳು ನನ್ನ ತಲೆ ಹಿಡಿದುಕೊಂಡು, ನಿಂಬೆಹಣ್ಣಿನ ಹೋಳನ್ನು ಬಾಯಿಗೆ ತುರುಕಿದಳು. ಚೀಪಿದೆ. ಅವಳ ಲೋಟದಿಂದ ನೀರನ್ನೂ ಕುಡಿದೆ.

ಮಾರನೆಯ ದಿನ ಸಮುದ್ರ ತಣ್ಣಗಾಯಿತು. ಎಲ್ಲರೂ ಪೆಟ್ಟಿಗೆಗಳನ್ನು ಮೊದಲಿನ ಹಾಗೇ ಜೋಡಿಸಿಕೊಂಡರು. ನಾನೂ ಜೋಡಿಸಿಕೊಂಡೆ.

ನೈರೋಬಿಯ ಬೆಂಚು

ಮೊಂಬಾಸಾ ಬಂದರಿಗೆ ಸಿದ್ದೇಗೌಡ ಬಂದಿದ್ದ. ಅಲ್ಲಿಂದ ರೈಲು. ಕಿಟಕಿಯಲ್ಲಿ ಬರುವುದು ಕೆಂಪು ಧೂಳು. ಕೆಮ್ಮಣ್ಣು ಬಳಿದಂತೆ ಮೈಯೆಲ್ಲ ಕೆಂಪಾಯಿತು. ದಾರಿಯಲ್ಲಿ ಪಟ್ಟೆ ಬಳಿದ ಕತ್ತೆಗಳು ಹಿಂಡು ಹಿಂಡಾಗಿ ಮೇಯುತ್ತಿದ್ದವು. ಅಷ್ಟು ಕತ್ತೆ ಇದ್ದೂ ಒಂದರ ಬೆನ್ನ ಮೇಲೂ ಬಟ್ಟೆಯ ಗಂಟಿಲ್ಲ. ಅಗಸರಿಲ್ಲದ ದೇಶ ಎಂದುಕೊಂಡೆ.

ನೈರೋಬಿಯಲ್ಲಿ ರೈಲು ಬದಲಾಯಿಸಬೇಕಿತ್ತು. ಸಿದ್ದೇಗೌಡ ಟಿಕೆಟ್ಟಿನ ವಿಚಾರಕ್ಕೆ ಹೋದ. ನಾನು ಎದುರಿಗೆ ಕಂಡ ಬೆಂಚಿನ ಮೇಲೆ ಕೂತೆ. ಒಳ್ಳೆಯ ಬೆಂಚು, ಬೆನ್ನಿಗೆ ಒರಗು ಇತ್ತು. ಸ್ವಲ್ಪ ಹೊತ್ತಿಗೆ ಒಬ್ಬ ಬಿಳಿ ಹೆಂಗಸು ಬಂದು ನನ್ನ ಮುಂದೆ ನಿಂತಳು. ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟೆ. ಅವಳು ಕೂರಲಿಲ್ಲ, ಯಾರನ್ನೋ ಕೂಗಿದಳು. ಕರಿಯ ಪೊಲೀಸಿನವನು ಓಡಿ ಬಂದು ಗೋಡೆಯ ಮೇಲಿನ ಹಲಗೆ ತೋರಿಸಿದ. ನಾನು ಓದಿದ್ದು ಕನ್ನಡದ ಎರಡನೇ ಕ್ಲಾಸು. ಆ ಅಕ್ಷರ ನನಗೇನು ಗೊತ್ತು?

"ಮೊಣಕಾಲ್ ನೋಯ್ತದೆ ಕಣಪ್ಪ, ಏಳಕಾಗಲ್ಲ," ಎಂದೆ.

ಅವನು ಸುತ್ತ ನೋಡಿ, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಜೋಡಿಸಿದ. ಮುಖದಲ್ಲಿ ಬೆವರು. ನಾನು ಏಳದಿದ್ದರೆ ಅವನ ಅನ್ನಕ್ಕೆ ಕುತ್ತು ಎಂಬುದು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಎದ್ದೆ. ಆ ಹೆಂಗಸು ಕೂರುವ ಮೊದಲು ನಾನು ಕೂತಿದ್ದ ಜಾಗವನ್ನು ಕರವಸ್ತ್ರದಿಂದ ಒರೆಸಿದಳು.

ಸಿದ್ದೇಗೌಡ ಬಂದವನೇ ತಲೆ ತಗ್ಗಿಸಿದ. "ಇಲ್ಲಿ ಇಂಗೇ ಅಜ್ಜಿ. ಮೇಲೆ ಅವ್ರು, ಮಧ್ಯ ನಾವು, ಕೆಳೀಕೆ ಈ ಊರಿನೋರು."

"ಈ ಊರು ಯಾರ್ದು?"

"ಈ ಊರಿನೋರ್ದೇ."

ನನ್ನ ಹಿಟ್ಟಿನ ಮೂಟೆಯ ಮೇಲೆ ಕೂತೆ. ದಣಿವಾಗಿತ್ತು.

ಗಿರಣಿ

ಗಿರಣಿಯ ಹತ್ತಿರ ಇಳಿದಾಗ ಮೂಗಿಗೆ ಬಂದದ್ದು ಮಂಡ್ಯದ ವಾಸನೆಯೇ. ಕಬ್ಬಿನ ಹಾಲು, ಸಿಪ್ಪೆ ಸುಟ್ಟ ಹೊಗೆ, ಕೊಳೆತ ಮಡ್ಡಿ. ಅಷ್ಟು ದೂರ ಹೋಗಿ ಅದೇ ನಾತ ಕುಡಿದು ಜೀವಕ್ಕೆ ಸಮಾಧಾನವಾಯಿತು. ಅಲ್ಲೊಂದು ಕೆರೆ ಇದೆ, ಆಚೆ ದಡ ಕಾಣುವುದಿಲ್ಲ. ಸಮುದ್ರ ಎಂದೇ ತಿಳಿದೆ, ಬಾಯಿಗೆ ಹಾಕಿದರೆ ಉಪ್ಪಿಲ್ಲ. ಮದ್ದೂರು ಕೆರೆಯನ್ನು ದೊಡ್ಡದು ಎಂದು ಹೊಗಳುವವರು ಒಮ್ಮೆ ಅದನ್ನು ನೋಡಬೇಕು.

ಜಯಮ್ಮ ಹೊಟ್ಟೆ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ಪಕ್ಕದಲ್ಲಿ ಹತ್ತು ವರ್ಷದ ಒಬ್ಬಳು ಹುಡುಗಿ, ಉಂಗುರ ಉಂಗುರದ ಕೂದಲು, ಎಣ್ಣೆಗಪ್ಪು ಮೈ, ಮೈಮೇಲೆ ಪಂಜಾಬಿಗಳ ಪೈಜಾಮ.

"ಚೆಂದಾಗಿದ್ದೀಯಾ ಅಜ್ಜಿ? ಉಂಡಾ?" ಎಂದಳು ಆ ಹುಡುಗಿ.

ನನ್ನ ಕೈಯ ಗಂಟು ಜಾರಿತು. ಜಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮರಿಯಂ ಅಂತ. ಮಾತಾಡಕೆ ಯಾರೂ ಇಲ್ದೆ ಇವ್ಳಿಗೇ ನಮ್ ಮಾತ್ ಕಲಿಸ್ಕೊಂಡೆ ಕಣಜ್ಜಿ."

ಅವಳ ಅಪ್ಪ ಪಂಜಾಬಿನ ಸಾಬ, ಗಿರಣಿಯಲ್ಲಿ ಫಿಟ್ಟರ್. ತಾಯಿ ಕೆರೆ ದಡದ ಊರಿನ ಹೆಂಗಸು. ಗಿರಣಿಯ ಇಂಡಿಯಾದವರು ಸೇರಿ ತಮ್ಮ ಮಕ್ಕಳಿಗೆ ನಡೆಸುತ್ತಿದ್ದ ಶಾಲೆಗೆ ಮರಿಯಂ ಹೋಗುತ್ತಿದ್ದಳು. ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಂತೆ. ಈಗ ಹೊಸದಾಗಿ ಬಂದ ಕೆಲವು ಸಂಸಾರಗಳು, ಅರ್ಧಂಬರ್ಧ ರಕ್ತದವಳ ಪಕ್ಕ ನಮ್ಮ ಮಕ್ಕಳು ಕೂರುವುದಿಲ್ಲ ಎಂದು ಹಟ ಹಿಡಿದಿದ್ದವು. ಅವಳನ್ನು ಶಾಲೆ ಬಿಡಿಸಬೇಕೋ ಬೇಡವೋ ಎಂದು ಶಾಲೆಯ ಪಂಚಾಯಿತಿ ಸದ್ಯದಲ್ಲೇ ತೀರ್ಮಾನ ಮಾಡುವುದಿತ್ತು. ಊರಿನವರ ಮಿಷನ್ ಶಾಲೆ ಒಂದಿತ್ತು, ಅಲ್ಲಿ ಅವಳನ್ನು ಇಂಡಿಯಾದವಳು ಎಂದು ಆಡಿಕೊಳ್ಳುತ್ತಿದ್ದರು. ಇಲ್ಲಿ ಬಿಟ್ಟರೆ ಅವಳಿಗೆ ಮನೆಯೇ ಗತಿ.

ಬಂದ ಮರುದಿನವೇ ನಾನೊಂದು ಎಡವಟ್ಟು ಮಾಡಿದೆ. ಹಿತ್ತಿಲಲ್ಲಿ, ಜಯಮ್ಮನ ಮನೆಯ ಕೆಲಸದ ಹೆಂಗಸು ಅಟಿಯೆನೊ ಮೂರು ಕಲ್ಲಿನ ಒಲೆ ಹೂಡಿ ಕೋಲಿನಲ್ಲಿ ಏನೋ ತಿರುವುತ್ತಿದ್ದಳು. ವಾಸನೆ ಹಿಡಿದು ಹೋದೆ. ನೋಡಿದರೆ ಮುದ್ದೆ! ಕಪ್ಪಗೆ, ಹೊಳೆಯುವ ರಾಗಿ ಮುದ್ದೆ. ದಾರಿಯುದ್ದಕ್ಕೂ ಹುರಿಹಿಟ್ಟು ತಿಂದು ನಾಲಿಗೆ ಸತ್ತಿತ್ತು. ಊರಿಂದ ತರಿಸಿಕೊಂಡ ರಾಗಿಯನ್ನು ಜಯಮ್ಮ ಕೊಟ್ಟಿರಬೇಕು ಎಂದುಕೊಂಡು, ಅವಳ ಪಾತ್ರೆಗೇ ಕೈ ಹಾಕಿ, ಒಂದು ತುತ್ತು ಮುರಿದು, ಅವಳ ಮೀನಿನ ಸಾರಿಗೆ ಅದ್ದಿ ನುಂಗಿದೆ. ಇನ್ನೊಂದನ್ನೂ ನುಂಗಿದೆ. ಅವಳು ಬಾಯಿ ಬಿಟ್ಟು ನೋಡುತ್ತಿದ್ದಳು. ಆಮೇಲೆ ನಕ್ಕು, ಅಗಿ ಅಗಿ ಎಂದು ದವಡೆ ಆಡಿಸಿ ತೋರಿಸಿದಳು. ಅವರು ಮುದ್ದೆಯನ್ನು ಅಗಿಯುತ್ತಾರೆ. ಅದೊಂದು ತಪ್ಪು ಬಿಟ್ಟರೆ ಊಟದಲ್ಲಿ ಬೇರೆ ತಪ್ಪಿರಲಿಲ್ಲ.

ಆ ರಾಗಿ ಆ ನೆಲದ್ದೇ ಎಂದು ಜಯಮ್ಮ ಹೇಳಿದಾಗ ನನಗೆ ತಿಳಿದದ್ದು. ಅಷ್ಟರಲ್ಲಿ ಬೇಲಿಯಾಚೆಯ ಗುಜರಾತಿ ಹೆಂಗಸು ನೋಡಿಬಿಟ್ಟಿದ್ದಳು. ಸಂಜೆಯೊಳಗೆ ಗಿರಣಿಯ ಸಾಲುಮನೆಗಳಿಗೆಲ್ಲ ಸುದ್ದಿ.

ಶಾಲೆ

ಆ ಹೆಂಗಸಿನ ಗಂಡ ಗಿರಣಿಯ ಸ್ಟೋರು ನೋಡಿಕೊಳ್ಳುತ್ತಿದ್ದ. ಶಾಲೆಯ ಪಂಚಾಯಿತಿಗೂ ಅವನೇ ಯಜಮಾನ. ಒಂದು ದಿನ ಮನೆಗೆ ಬಂದು ನಮಸ್ಕಾರ ಮಾಡಿದ. ಒಳ್ಳೆಯ ಮನುಷ್ಯ, ಬಸುರಿಗೆಂದು ತುಪ್ಪ ತಂದಿದ್ದ. ಸಿದ್ದೇಗೌಡ ಅವನ ಮಾತನ್ನು ನನಗೆ ತಿಳಿಸಿದ.

"ಇಲ್ಲಿ ಹುಟ್ಟಿದ ಮಕ್ಕಳು ನಮ್ಮ ದೇಶ ನೋಡಿಲ್ಲ. ನೀವು ಹಿರಿಯರು. ಶಾಲೆಗೆ ಬಂದು ನಮ್ಮ ಊರು, ನಮ್ಮ ಪದ್ಧತಿ ಹೇಳಬೇಕು."

ಒಪ್ಪಿದೆ. ಶಾಲೆಯ ಮಾಸ್ತರು ಮಂಗಳೂರು ಕಡೆಯವರು, ಪಿಂಟೋ ಮಾಸ್ತರು ಎನ್ನುತ್ತಿದ್ದರು.

"ನೀವು ಹೇಳ್ತಾ ಹೋಗಿ ಅಜ್ಜಿ, ನಾನು ಹಿಂದೂಸ್ತಾನಿಯಲ್ಲಿ ಹೇಳ್ತೇನೆ. ಹೆದರ್ಬೇಡಿ ಆಯ್ತಾ?"

"ಎದ್ರೋಕೆ ಅವೇನ್ ಹುಲಿಗಳಾ? ಹೇಳಪ್ಪ ನೀನು."

ಮಕ್ಕಳು ಬೆಂಚುಗಳಲ್ಲಿ ಕೂತಿದ್ದರು. ಮರಿಯಂ ಕೊನೆಯ ಬೆಂಚಿನಲ್ಲಿ, ಒಬ್ಬಳೇ. ಹಿಂದೆ ಗೋಡೆಗೆ ಒರಗಿ ದೊಡ್ಡವರು. ನಾನು ನೈರೋಬಿಯ ಬೆಂಚಿನ ಕಥೆ ಹೇಳಿದೆ. ಕರವಸ್ತ್ರದಿಂದ ಒರೆಸಿದ್ದನ್ನು ಮಾಡಿ ತೋರಿಸಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕವು. ದೊಡ್ಡವರು ನಗಲಿಲ್ಲ. ಅವರಿಗೂ ಅಂಥ ಬೆಂಚುಗಳು ಗೊತ್ತಿದ್ದವು.

ಮುಂದಿನ ಸಾಲಿನ ಒಬ್ಬ ತುಂಟ ಎದ್ದು ಕೇಳಿದ, "ನೀವು ಕರಿಯರ ಊಟ ತಿಂದಿರಂತೆ?"

"ಅದು ನಮ್ಮೂರಿನ ಊಟ ಕಣ್ಲಾ. ನಮ್ ಕಡೆ ಅನ್ನ ತಿನ್ನೋ ಜನ ನಮ್ಮನ್ನ ಮುದ್ದೆ ತಿನ್ನೋ ಗಮಾರ್ರು ಅಂತ ನಗ್ತಾರೆ. ನಕ್ಕೋರ್ ಯಾರೂ ಒಂದ್ ಕುಂಟೆ ಗದ್ದೆ ಉತ್ತಿದ್ದು ನಾ ಕಾಣೆ."

ಮಾಸ್ತರು ಇದನ್ನು ಹೇಳುವಾಗ ಮರಿಯಂ ಮುಖ ಎತ್ತಿದಳು. ಅವಳಿಗೆ ನನ್ನ ಮಾತೇ ನೇರವಾಗಿ ತಿಳಿದಿತ್ತು.

ಆಗ ಸ್ಟೋರಿನ ಯಜಮಾನ ಹಿಂದಿನಿಂದ ಮೆಲ್ಲಗೆ ಕೇಳಿದ, "ನಿಮ್ಮ ಊರಿನ ಶಾಲೆ ನಿಮ್ಮ ಮನೆಯಲ್ಲೇ ನಡೆಯುತ್ತದೆ ಎಂದು ಸಿದ್ದೇಗೌಡರು ಹೇಳಿದರು. ಅಲ್ಲಿ ಎಲ್ಲ ಜಾತಿಯ ಮಕ್ಕಳೂ ಒಟ್ಟಿಗೆ ಕೂರುತ್ತಾರೆಯೇ?"

ಕೇಳಿದ್ದಕ್ಕೆ ಇದ್ದದ್ದು ಹೇಳುವುದು ನನ್ನ ಜಾಯಮಾನ. "ಇಲ್ಲ," ಎಂದೆ. ನಮ್ಮ ಪಡಸಾಲೆಯಲ್ಲಿ ಊರಿನ ಮಕ್ಕಳು ಕೂರುತ್ತಾರೆ. ಊರಾಚೆಯ ಕೇರಿಯ ಒಂದು ಹೆಣ್ಣು ಮಗು ಮೇಕೆ ಮೇಯಿಸುವ ನೆಪದಲ್ಲಿ ಬಂದು ಅಂಗಳದ ಬೇವಿನ ಮರದಡಿ ಕೂತು ಕೇಳುತ್ತದೆ. ಬರೆದ ಸ್ಲೇಟನ್ನು ಎತ್ತಿ ತೋರಿಸುತ್ತದೆ, ನಮ್ಮ ಮಾಸ್ತರು ಮುಟ್ಟದೆ ದೂರದಿಂದಲೇ ನೋಡಿ ತಪ್ಪು ಒಪ್ಪು ಹೇಳುತ್ತಾರೆ. ಇದೆಲ್ಲವನ್ನೂ ಹೇಳಿದೆ.

ಪಿಂಟೋ ಮಾಸ್ತರು ನನ್ನ ಮುಖ ನೋಡಿದರು. ಆಮೇಲೆ ಹಿಂದೂಸ್ತಾನಿಯಲ್ಲಿ ಹೇಳಿದರು. ಯಜಮಾನ ತಲೆಯಾಡಿಸಿದ.

ಆ ಭಾನುವಾರ ಪಂಚಾಯಿತಿ ಸೇರಿತು. ಹುಡುಗಿಯನ್ನು ಶಾಲೆ ಬಿಡಿಸುವುದು ಬೇಡ, ಪಾಪ. ದೇಶದಿಂದ ಬಂದ ಹಿರಿಯರು ತಿಳಿಸಿದಂತೆ ನಮ್ಮಲ್ಲಿ ನಡೆದುಬಂದ ಕ್ರಮವೇ ಇದೆ. ಅವಳು ಜಗಲಿಯಲ್ಲಿ ಕೂತು ಕಲಿಯಲಿ. ಇದು ತೀರ್ಮಾನ.

ಜಯಮ್ಮ ಸೌಟು ಎಸೆದಳು. "ನಿನ್ ಬಾಯ್ಗೆ ಬೀಗ ಆಕ್ಬೇಕಿತ್ತು ಅಜ್ಜಿ! ಆ ಮಗೀನ ಈಚೆ ಕೂರ್ಸೋಕೆ ನಿನ್ನ ಮಾತೇ ಸಾಕ್ಷಿ ಆಯ್ತಲ್ಲ!"

"ನಡೆಯೋದು ಏಳ್ದೆ ಕಣೆ. ಇಂಗೇ ಮಾಡಿ ಅಂದ್ನಾ?"

"ಅದ್ನ ಅಲ್ಲೇ ಅನ್ಬೇಕಿತ್ತು!"

ಅವಳು ಹೇಳಿದ್ದು ಸರಿ. ಯಜಮಾನನ ಮನೆಗೆ ಹೋದೆ. ಹಡಗಿನಲ್ಲಿ ಪೆಟ್ಟಿಗೆಗಳು ಜಾರಿದ್ದು, ಸಾಬರ ಹೆಂಗಸಿನ ನೀರು ಕುಡಿದದ್ದು ಎಲ್ಲ ಹೇಳಿದೆ. ಸಿದ್ದೇಗೌಡ ನಿಂತು ತಿಳಿಸಿದ. ಯಜಮಾನ ಸಮಾಧಾನವಾಗಿ ಕೇಳಿ, ಕೈ ಮುಗಿದು, "ಪ್ರಯಾಣದಲ್ಲಿ ಯಾವುದಕ್ಕೂ ದೋಷವಿಲ್ಲ ತಾಯಿ," ಎಂದ. ಚಹಾ ಕೊಟ್ಟ. ಅಷ್ಟೇ.

ಜಗಲಿ

ಜಯಮ್ಮನಿಗೆ ಗಂಡು ಮಗುವಾಯಿತು. ಹೆರಿಗೆ ಕಷ್ಟವಾಯಿತು, ಆದರೆ ಇಬ್ಬರೂ ಉಳಿದರು. ಎಣ್ಣೆ ಹಚ್ಚಿ ನೀರು ಹಾಕಿದ ಮಗುವಿಗೆ ಎಳೆಬಿಸಿಲು ಕಾಯಿಸಬೇಕು. ನಮ್ಮ ಮನೆಯ ಮುಂದೆ ಗಿರಣಿಯ ನೆರಳು. ಬೆಳಗಿನ ಬಿಸಿಲು ಬೀಳುವ ಜಾಗ ಶಾಲೆಯ ಜಗಲಿ ಒಂದೇ. ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ದಿನವೂ ಅಲ್ಲಿಗೇ ಹೋದೆ. ಬಾಗಿಲ ಪಕ್ಕ ಮರಿಯಂ ಕೂತಿರುತ್ತಿದ್ದಳು.

ಮೊದಲ ದಿನ ನಾನೇ ಕೇಳಿದೆ, "ಕ್ವಾಪಾನಾ ನನ್ ಮೇಲೆ?"

"ಊಂ," ಎಂದಳು. ಸ್ಲೇಟಿನಿಂದ ತಲೆ ಎತ್ತಲಿಲ್ಲ.

ಅವಳ ಅಪ್ಪ ಶಾಲೆಯೇ ಬೇಡ, ಮನೆಯಲ್ಲಿರು ಎಂದಿದ್ದನಂತೆ. ಇವಳೇ ಹಟ ಮಾಡಿ ಬಂದಳಂತೆ. "ಲೆಕ್ಕ ಈಚೆಗೂ ಕೇಳ್ತದೆ," ಎಂದಳು.

ಪಿಂಟೋ ಮಾಸ್ತರು ಪಂಚಾಯಿತಿಯ ಮಾತಿಗೆ ಎದುರಾಡಲಿಲ್ಲ. ಕೂಲಿಯವನನ್ನು ಕರೆಸಿ, ಕರಿಹಲಗೆಯನ್ನು ಎದುರು ಗೋಡೆಯಿಂದ ಕಿತ್ತು ಬಾಗಿಲಿಗೆ ನೇರವಾಗಿ ಹೊಡೆಸಿದರು. ಒಳಗಿನ ಮಕ್ಕಳು ಕತ್ತು ತಿರುಚಿ ನೋಡಬೇಕಾಗಿತ್ತು, ಮರಿಯಂಗೆ ನೆಟ್ಟಗೆ ಕಾಣುತ್ತಿತ್ತು. ಯಜಮಾನ ಕೇಳಿದ್ದಕ್ಕೆ, "ಅಲ್ಲಿ ಬೆಳಕು ಚಂದ ಉಂಟು ಮಾರಾಯ್ರೆ," ಎಂದರಂತೆ.

ಎಷ್ಟೋ ದಿನ ಅವಳು ಲೆಕ್ಕ ಮಾಡುತ್ತಾ, ನಾನು ಮಗುವಿಗೆ ಬಿಸಿಲು ಕಾಯಿಸುತ್ತಾ ಕೂತೆವು. ಮಗುವಿನ ಹೊಕ್ಕುಳು ಬಿದ್ದು, ಒಣಗಿ, ಅದು ಬಿಸಿಲಿಗೆ ಕಣ್ಣು ಕಿವುಚುವಷ್ಟಾಯಿತು. ಒಂದು ಬೆಳಿಗ್ಗೆ ಮರಿಯಂ ಮಗುವಿನ ಕಾಲು ಹಿಡಿದುಕೊಂಡು ಕೇಳಿದಳು:

"ಅಜ್ಜಿ, ನಿನ್ ಮನೆ ತಾವ ಕೂತ್ಕತಾಳಲ್ಲ, ಆ ಹುಡ್ಗಿ ಏನ್ ಹೆಸ್ರು?"

ಯೋಚಿಸಿದೆ. ಅವಳ ಮೇಕೆಯ ಬಣ್ಣ ಗೊತ್ತು. ಅವಳ ಅಜ್ಜ ನಮ್ಮ ಗದ್ದೆಯಲ್ಲಿ ದುಡಿದದ್ದು ಗೊತ್ತು. ಹೆಸರು ಗೊತ್ತಿಲ್ಲ.

"ಗೊತ್ತಿಲ್ಲ ಕಣವ್ವ."

ಅವಳು ನನ್ನನ್ನು ನೋಡಿದಳು. "ಊರ್ಗೋಗಿ ಕೇಳು," ಎಂದು ಲೆಕ್ಕಕ್ಕೆ ಹಿಂದಿರುಗಿದಳು.

ಊರು

ಹಿಂದಿರುಗಿದ ಪ್ರಯಾಣದಲ್ಲಿ ಹೇಳುವಂಥದ್ದೇನಿಲ್ಲ. ವಾಂತಿ ಅದೇ, ಧೂಳು ಅದೇ. ಮದ್ದೂರಿನಲ್ಲಿ ಇಳಿದು ಬಸ್ಸು ಹತ್ತಿ, ಮನೆ ತಲುಪಿದಾಗ ಪಡಸಾಲೆಯಲ್ಲಿ ಮಗ್ಗಿ ನಡೆಯುತ್ತಿತ್ತು. ಕಾಲು ತೊಳೆಯುವ ಮೊದಲೇ ಬೇವಿನ ಮರದ ಹತ್ತಿರ ಹೋದೆ.

"ಏನ್ ಮಗ ನಿನ್ ಹೆಸ್ರು?"

ಆ ಹುಡುಗಿ ಗಡಬಡಿಸಿ ಎದ್ದು, ಸ್ಲೇಟು ಎದೆಗವಚಿಕೊಂಡು ಓಡಲು ಸಿದ್ಧಳಾದಳು. ಮಾಸ್ತರು ಒಳಗಿನಿಂದ ಬಂದರು. "ಯಾಕವ್ವಾ, ಏನ್ ಮಾಡಿದ್ಲು?"

"ಏನೂ ಮಾಡಿಲ್ಲ. ದೂರದಲ್ಲಿ ಒಬ್ಳು ಕೇಳವ್ಳೆ, ಏಳ್ಬೇಕು. ಏಳವ್ವ."

"ಪುಟ್ಟಮಾದಿ," ಎಂದಳು. ಗಾಳಿಗೂ ಕೇಳದಷ್ಟು ಮೆಲ್ಲಗೆ.

ಅದನ್ನು ಜಯಮ್ಮನಿಗೆ ಬರೆದು ತಿಳಿಸಿದೆ. ಮರಿಯಂ ಆ ವರ್ಷವೆಲ್ಲ ಜಗಲಿಯಲ್ಲೇ ಕೂತು ಪಾಠ ಮುಗಿಸಿದಳು ಎಂದು ಅಲ್ಲಿಂದ ಸುದ್ದಿ ಬಂತು. ಆಮೇಲೆ ಯುದ್ಧ ಬಂತು. ಸುದ್ದಿ ಬರುವುದು ನಿಂತಿತು.

ಆ ಶಾಲೆ ನನ್ನದಾಗಿರಲಿಲ್ಲ. ಈ ಪಡಸಾಲೆ ನನ್ನದು. ಊರಿಗೆ ಬಂದ ಮರುದಿನವೇ ಪುಟ್ಟಮಾದಿಯನ್ನು ಒಳಗೆ ಕರೆದಿದ್ದೆ. ಅವಳು ಬರಲಿಲ್ಲ. ಸಂಜೆ ಅವಳ ಅವ್ವ ಅಂಗಳದಂಚಿನಲ್ಲಿ ನಿಂತು ಅತ್ತಳು. "ಬ್ಯಾಡಿ ಅವ್ವಾರೆ. ನೀವು ಕರೀತೀರಿ, ಒದೆ ತಿನ್ನೋರು ನಾವು."

ಅದೂ ಸರಿಯೇ. ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಮಾಸ್ತರನ್ನು ಕರೆದು, ಈ ಮಕ್ಕಳ ಗಲಾಟೆ ನನ್ನ ತಲೆಗೆ ತಡೆಯದು, ನಾಳೆಯಿಂದ ಪಡಸಾಲೆ ಕೊಡುವುದಿಲ್ಲ, ಬೇಕಾದರೆ ಅಂಗಳದಲ್ಲಿ ನಡೆಸಿ ಎಂದೆ. ಊರಿನಲ್ಲಿ ಬೇರೆ ಜಾಗವಿರಲಿಲ್ಲ. ಮುದುಕಿಗೆ ಆಫ್ರಿಕಾದ ಬಿಸಿಲು ನೆತ್ತಿಗೇರಿದೆ ಎಂದು ಗಂಡಸರು ಮಾತಾಡಿಕೊಂಡರು. ಕಾಳಮ್ಮ ಎದುರಿಗೇ ಅಂದಳು. ಪುಟ್ಟಮಾದಿ ಎಲ್ಲಿ ಕೂರುತ್ತಿದ್ದಳೋ ಅಲ್ಲಿಗೇ ಇಡೀ ಶಾಲೆ ಬಂತು.

ಮೊದಲು ಮಕ್ಕಳು ಅವಳಿಂದ ದೂರ ಬಿಟ್ಟು ಕೂತವು. ಬೇವಿನ ನೆರಳು ಅಷ್ಟು ದೊಡ್ಡದಲ್ಲ. ಬಿಸಿಲು ಏರಿದ ಹಾಗೆಲ್ಲ ಅದು ಬುಡದ ಕಡೆಗೆ ಚಿಕ್ಕದಾಗುತ್ತಾ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಒತ್ತಿಕೊಂಡು ಕೂರಬೇಕು, ಇಲ್ಲವೇ ಸುಡಬೇಕು.

ಮಾಸ್ತರು ತಿಂಗಳೊಪ್ಪತ್ತು ನೋಡಿದರು. ಆಮೇಲೊಂದು ದಿನ ಆಕಾಶ ನೋಡುತ್ತಾ ಬಾಗಿಲಿಗೆ ಬಂದರು.

"ಮಳೆ ಬಂದ್ರೇನವ್ವಾ ಮಾಡೋದು?"

ರಾಗಿ ಕೇರುತ್ತಿದ್ದೆ. ಮೊರ ಕೆಳಗಿಡಲಿಲ್ಲ.

"ಬಂದ್ರೆ ಎಲ್ರೂ ನೆನೀತಾರೆ. ಏನೀಗ?"